ಹಸಿರು ತಂತಿಯ ಇನ್ನೊಂದು ತುದಿ

ತಳಕಲ್ಲಿನಲ್ಲಾಗಲಿ, ಪಕ್ಕದ ಕುಕನೂರಿನಲ್ಲಾಗಲಿ, ಕಟ್ಟುತ್ತಿರುವ ಮನೆಯೊಂದರ ಒಳಹೊಕ್ಕು ಗೋಡೆ ನೋಡಿ. ಪೈಪು ಹೂತಾಗಿರುತ್ತದೆ, ಸ್ವಿಚ್ ಬೋರ್ಡಿನ ಪೆಟ್ಟಿಗೆ ಕೂರಿಸಿ ಸುತ್ತ ಸಿಮೆಂಟು ಮೆತ್ತಿರುತ್ತಾರೆ, ಅದರ ಬಾಯಿಂದ ವೈರುಗಳ ಗೊಂಚಲು ಜೋತಾಡುತ್ತಿರುತ್ತದೆ. ಕೆಂಪು, ಕಪ್ಪು, ಹಸಿರು. ಬೋರ್ಡಿಗೆ ಮುಚ್ಚಳ ಬೀಳುವ ಹೊತ್ತಿಗೆ ಕೆಂಪಿಗೂ ಕಪ್ಪಿಗೂ ತಂತಮ್ಮ ಸ್ಕ್ರೂ ಸಿಕ್ಕಿರುತ್ತದೆ. ಹಸಿರಿನ ಕಥೆ ಹಾಗಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ಸುರುಳಿ ಸುತ್ತಿ ಪೆಟ್ಟಿಗೆಯ ಮೂಲೆಗೆ ತುರುಕಿ ಮುಚ್ಚಿಬಿಡುತ್ತಾರೆ. ಯಾಕೆಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಅರ್ಥಿಂಗ್ ಗುಂಡಿ ಇನ್ನಾ ತೆಗಸಿಲ್ರೀ. ಮುಂದ ತೆಗಸಿದಾಗ ಕೊಟ್ಟರಾತು." ಆ 'ಮುಂದ' ಬರುವುದು ಅಪರೂಪ. ಫ್ರಿಜ್ ಬರುತ್ತದೆ, ವಾಷಿಂಗ್ ಮಷೀನ್ ಬರುತ್ತದೆ, ಬಚ್ಚಲಿಗೆ ಗೀಸರ್ ಬರುತ್ತದೆ. ಗುಂಡಿ ಬರುವುದಿಲ್ಲ.

ಹಾಗೆ ಬಿಟ್ಟರೂ ಮನೆಯಲ್ಲಿ ಏನೂ ಕೊರತೆ ಕಾಣದಿರುವುದೇ ದೊಡ್ಡ ತೊಡಕು. ಕೆಂಪು ತಂತಿ ಕಡಿದರೆ ಲೈಟು ಹತ್ತುವುದಿಲ್ಲ, ಕಪ್ಪು ಕಡಿದರೂ ಹತ್ತುವುದಿಲ್ಲ. ಹಸಿರು ಕಡಿದರೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ. ಅದನ್ನು ಸರಿಯಾಗಿ ಜೋಡಿಸಿದ ಮನೆಯಲ್ಲೂ ಅದರೊಳಗೆ ಹರಿಯುವುದು ಹೆಚ್ಚುಕಡಿಮೆ ಏನೂ ಇಲ್ಲ. ವರ್ಷಗಟ್ಟಲೆ ಸುಮ್ಮನಿದ್ದು, ಯಾವುದೋ ಒಂದು ದಿನ ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ಕೆಲಸ ಮಾಡಬೇಕಾದ ತಂತಿ ಅದು. ಸಿಪ್ಪೆ ಸುಲಿದರೆ ಮೂರರಲ್ಲೂ ಒಂದೇ ತಾಮ್ರ, ಕರೆಂಟಿಗೆ ಬಣ್ಣ ಕಾಣದು. ಬಣ್ಣ ಇರುವುದು ನಮಗಾಗಿ: ಗೋಡೆಯೊಳಗೆ ಮರೆಯಾದ ಈ ತಂತಿಯ ಇನ್ನೊಂದು ತುದಿ ಎಲ್ಲಿದೆ ಎಂದು ಗೋಡೆ ಒಡೆಯದೆ ತಿಳಿಯಲು. ಹಸಿರು ಎಂದರೆ, ಇನ್ನೊಂದು ತುದಿ ನೆಲದಲ್ಲಿದೆ ಎಂದು ವೈರಿಂಗ್ ಮಾಡಿದವನು ಬರೆದುಕೊಟ್ಟಂತೆ. ಬರೆದದ್ದು ನಿಜವೇ ಎಂಬುದನ್ನು ಮಾತ್ರ ಬಣ್ಣ ಹೇಳಲಾರದು.

ಈ ಭಾಗದ ಹಳೆಯ ಮಾಳಿಗೆ ಮನೆಗಳಿಗೆ ಮೂರನೇ ತಂತಿಯ ಅಗತ್ಯವೇ ಇರಲಿಲ್ಲ. ಬಡವರ ಮನೆಗೆ ಸರಕಾರ ಕೊಟ್ಟ ಭಾಗ್ಯಜ್ಯೋತಿಯ ಸಂಪರ್ಕವೆಂದರೆ ಒಂದು ಬಲ್ಬು. ಬಲ್ಬಿನ ಹೋಲ್ಡರ್ ಬೇಕಲೈಟಿನದು, ಸ್ವಿಚ್ಚೂ ಬೇಕಲೈಟಿನದು, ಅದನ್ನು ಕೂರಿಸಿದ ಹಲಗೆ ಮರದ್ದು. ಕೈಗೆ ಸಿಗುವ ಲೋಹವೇ ಇಲ್ಲವೆಂದ ಮೇಲೆ ನೆಲಕ್ಕೆ ಜೋಡಿಸುವುದಾದರೂ ಏನನ್ನು? ಸರಕಾರಿ ಕಚೇರಿ, ಶಾಲೆ, ಅನುಕೂಲಸ್ಥರ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ವೈರಿಂಗ್ ಮಾಡುತ್ತಿದ್ದ ಕಾಲದಲ್ಲಿ ಅರ್ಥ್ ತಂತಿ ಇತ್ತು, ಆದರೆ ಅದಕ್ಕೆ ಬಣ್ಣವೇ ಇರಲಿಲ್ಲ. ಪಟ್ಟಿಯ ಉದ್ದಕ್ಕೂ ಒಂದು ಬೋಳು ತಂತಿ ಓಡುತ್ತಿತ್ತು, ತಾಮ್ರದ್ದು ಇಲ್ಲವೇ ಸತುವಿನ ಲೇಪದ ಕಬ್ಬಿಣದ್ದು. ಹಳೆಯ ಕಟ್ಟಡಗಳಲ್ಲಿ ಇಂದಿಗೂ ಅದು ಕಣ್ಣಿಗೆ ಬೀಳುತ್ತದೆ. ಮುಟ್ಟಿದರೆ ಏನೂ ಆಗಬಾರದ ತಂತಿಗೆ ಸಿಪ್ಪೆ ಯಾಕೆ ಎಂಬುದು ಅಂದಿನ ಲೆಕ್ಕ, ತರ್ಕಕ್ಕೆ ಸರಿಯಾದದ್ದೇ. ತಂತಿಗಳೆಲ್ಲ ಒಂದೇ ಪೈಪಿನೊಳಗೆ ಹೊಕ್ಕ ಮೇಲೆ ಬೋಳು ತಂತಿ ಉಳಿದವಕ್ಕೆ ಉಜ್ಜುವ ಭಯ ಬಂತು. ಸಿಪ್ಪೆ ಬಂತು, ಸಿಪ್ಪೆಯ ಜೊತೆ ಬಣ್ಣ ಬಂತು.

ಇಂದು ಅದೇ ಮನೆಗಳಲ್ಲಿ ಲೋಹದ ಮೈಯ ಸಾಮಾನು ತುಂಬಿದೆ. ಉಚಿತ ವಿದ್ಯುತ್ತಿನ 2023ರ ಗೃಹಜ್ಯೋತಿಯ ನಂತರ ಬಿಲ್ಲಿನ ಹೆದರಿಕೆಯೂ ಕಡಿಮೆಯಾಗಿದೆ. ಪ್ಲಗ್ಗಿನ ಮೂರನೇ ಪಿನ್ನು ಎಲ್ಲರಿಗೂ ಪರಿಚಿತ, ಅದು ದಪ್ಪಗೆ ಉದ್ದಕ್ಕೆ ಯಾಕಿದೆ ಎಂಬುದು ಅಷ್ಟು ಪರಿಚಿತವಲ್ಲ. ಉದ್ದ ಇರುವುದು ಮೊದಲು ಒಳಹೋಗಿ ಕೊನೆಗೆ ಹೊರಬರಲು: ಕರೆಂಟು ತರುವ ಕೆಂಪು ತಂತಿ, ಅಂದರೆ ಫೇಸ್, ತಗುಲುವ ಮೊದಲೇ ಸಾಮಾನಿನ ಮೈ ನೆಲಕ್ಕೆ ಸೇರಿರಬೇಕು. ದಪ್ಪ ಇರುವುದು ತಪ್ಪಿಯೂ ಫೇಸಿನ ತೂತಿಗೆ ಹೋಗದಿರಲು. 6 ಆಂಪಿಯರಿನ ಪ್ಲಗ್ಗಿನಲ್ಲಿ ಉಳಿದೆರಡು ಪಿನ್ನು ಸುಮಾರು 5 ಮಿ.ಮೀ. ದಪ್ಪವಿದ್ದರೆ ಇದು ಸುಮಾರು 7 ಮಿ.ಮೀ. ಈ ನಮೂನೆಯನ್ನು ನಾವು ಬ್ರಿಟಿಷರಿಂದ ಪಡೆದದ್ದು. ಅವರು 1947ರಲ್ಲಿ ಚೌಕ ಪಿನ್ನಿನ ಹೊಸ ಪ್ಲಗ್ಗು ತಂದು ದುಂಡು ಪಿನ್ನನ್ನು ಮೆಲ್ಲಗೆ ಕೈಬಿಟ್ಟರು, ನಾವು ಬಿಡಲಿಲ್ಲ.

ಇಷ್ಟಾಗಿ, ಹಸಿರು ತಂತಿ ಜೀವ ಉಳಿಸುವುದು ಹೇಗೆ? ಶಾಲೆಯಲ್ಲಿ ಹೇಳಿಕೊಟ್ಟ ಉತ್ತರ ಎಲ್ಲರ ಬಾಯಲ್ಲೂ ಇದೆ: ಕರೆಂಟು ಸುಲಭದ ದಾರಿ ಹಿಡಿಯುತ್ತದೆ, ತಂತಿ ಸುಲಭದ ದಾರಿ, ಮನುಷ್ಯ ಕಷ್ಟದ ದಾರಿ, ಹಾಗಾಗಿ ಅದು ತಂತಿಯಲ್ಲಿ ಹೋಗಿ ನಮ್ಮನ್ನು ಬಿಡುತ್ತದೆ. ಕೇಳಲು ಸೊಗಸು, ಆದರೆ ತಪ್ಪು. ಕರೆಂಟು ಒಂದೇ ದಾರಿ ಆರಿಸಿಕೊಳ್ಳುವುದಿಲ್ಲ. ಸಿಕ್ಕ ದಾರಿಗಳಲ್ಲೆಲ್ಲ, ಆಯಾ ದಾರಿಯ ತಡೆಗೆ ತಕ್ಕಂತೆ ಹರಿಯುತ್ತದೆ. ನಮ್ಮ ಮೈಯಲ್ಲಿ ಎಷ್ಟು ಹರಿಯುತ್ತದೆ ಎಂಬುದು ನಾವು ಮುಟ್ಟಿದ ಫ್ರಿಜ್ಜಿನ ಮೈಮೇಲೆ ಎಷ್ಟು ವೋಲ್ಟ್ ನಿಂತಿದೆ ಎಂಬುದರ ಮೇಲೆ ನಿಂತಿದೆ. ಪಕ್ಕದಲ್ಲಿ ಇನ್ನೊಂದು ದಾರಿ ಇದೆ ಎಂಬ ಮಾತ್ರಕ್ಕೆ ಆ ವೋಲ್ಟ್ ಮಾಯವಾಗುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಮನೆಯ ಅರ್ಥಿಂಗ್ ಗುಂಡಿಯಲ್ಲಿ 2.5 ಮೀಟರ್ ಉದ್ದದ, 40 ಮಿ.ಮೀ. ದಪ್ಪದ ಜಿ.ಐ. ಪೈಪು ನಿಲ್ಲಿಸಿದ್ದಾರೆ. ಅದರ ಸುತ್ತಿನ ಮಣ್ಣಿನ ರೋಧಕತೆ 100 ಓಂ-ಮೀಟರ್ ಎಂದುಕೊಂಡರೆ ಪೈಪಿನಿಂದ ನೆಲಕ್ಕೆ ಇಳಿಯಲು ಕರೆಂಟಿಗೆ ಎದುರಾಗುವ ತಡೆ ಸುಮಾರು 35 ಓಂ. ಊರಿನ ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಹತ್ತಿರವೂ ಗುಂಡಿಗಳಿವೆ. ಕರೆಂಟು ನೆಲದೊಳಗಿಂದ ಹೋಗಿ ಸೇರಬೇಕಾದದ್ದು ಅಲ್ಲಿಗೆ. ಅದರದೊಂದು 5 ಓಂ ಸೇರಿಸಿ, ಒಟ್ಟು 40. ಈಗ ಫ್ರಿಜ್ಜಿನೊಳಗೆ ಕೆಂಪು ತಂತಿಯ ಸಿಪ್ಪೆ ಸವೆದು ಮೈಗೆ ತಗುಲಿತು. 230ನ್ನು 40ರಿಂದ ಭಾಗಿಸಿದರೆ ಆರು ಆಂಪಿಯರಿಗೂ ಚೂರು ಕಡಿಮೆ. ಬೋರ್ಡಿನಲ್ಲಿರುವುದು, ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಸಪ್ಲೈ ಕಡಿಯುವ 16 ಆಂಪಿಯರಿನ ಎಂ.ಸಿ.ಬಿ. ಅದರ ಪಾಲಿಗೆ ಇದು ಒಂದು ಹೀಟರ್ ಹಾಕಿದಷ್ಟೇ. ಬೀಳುವುದಿಲ್ಲ. ಫ್ರಿಜ್ಜಿನ ಮೈಮೇಲೆ ನಿಂತ ವೋಲ್ಟ್ ಎಷ್ಟು? 230ರಲ್ಲಿ 40ಕ್ಕೆ 35ರ ಪಾಲು, ಅಂದರೆ 201. ತೇವದ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಮೈಯ ತಡೆ 1500 ಓಂ ಎಂದು ಹಿಡಿದರೂ ಅವರೊಳಗೆ 134 ಮಿಲಿಆಂಪಿಯರ್ ಹರಿಯುತ್ತದೆ.

ಆ ಅಂಕಿ ಎಷ್ಟು ದೊಡ್ಡದೆಂದು ತಿಳಿಯಲು ಅಮೆರಿಕದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್ಜಿಯಲ್ ಎಂಬ ಎಂಜಿನಿಯರು ಮಾಡಿದ ಪ್ರಯೋಗಗಳನ್ನು ನೆನೆಯಬೇಕು. ಒಪ್ಪಿ ಬಂದವರ ಕೈಗೆ ತಂತಿ ಕೊಟ್ಟು, ಕರೆಂಟು ಏರಿಸುತ್ತ, ಯಾವ ಹಂತದಲ್ಲಿ ಮುಷ್ಟಿ ಬಿಡಿಸಿಕೊಳ್ಳಲಾಗದೆ ಹೋಗುತ್ತದೆ ಎಂದು ಅವರು ಅಳೆದರು. ಹತ್ತು ಹದಿನಾರು ಮಿಲಿಆಂಪಿಯರಿಗೆಲ್ಲ ಸ್ನಾಯು ಸೆಟೆದುಕೊಳ್ಳುತ್ತವೆ. "ಕರೆಂಟ್ ಹಿಡ್ಕೊಂತು" ಎಂದು ನಮ್ಮಲ್ಲಿ ಹೇಳುವುದು ಇದನ್ನೇ. ಹಿಡಿದುಕೊಂಡದ್ದು ಕರೆಂಟಲ್ಲ, ನಮ್ಮದೇ ಬೆರಳು. ಅದಕ್ಕೂ ಹಲವು ಪಟ್ಟು ಹೆಚ್ಚಾದರೆ, ಒಂದೆರಡು ಸೆಕೆಂಡು ಹರಿದರೂ ಹೃದಯ ಲಯ ತಪ್ಪಿ ಸುಮ್ಮನೆ ನಡುಗತೊಡಗುತ್ತದೆ. 134 ಆ ಗಡಿಯನ್ನು ಎಂದೋ ದಾಟಿದೆ.

ಹಾಗಾದರೆ ಹಸಿರು ತಂತಿ ಇತ್ತು, ಗುಂಡಿ ಇತ್ತು, ಎಂ.ಸಿ.ಬಿ. ಇತ್ತು, ಆದರೂ ಮನುಷ್ಯ ಉಳಿಯಲಿಲ್ಲ. ಅರ್ಥಿಂಗ್ ಬಗ್ಗೆ ಮಾತಾಡುವವರಲ್ಲಿ ಹೆಚ್ಚಿನವರು ಈ ಲೆಕ್ಕದವರೆಗೆ ಬರುವುದೇ ಇಲ್ಲ. ಗುಂಡಿ ತೆಗೆಸಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ, ಗುಂಡಿಯೇ ಇಲ್ಲದ ಅಸಡ್ಡೆಯಷ್ಟೇ ಅಪಾಯದ್ದು ಎಂದು ನನಗನ್ನಿಸುತ್ತದೆ.

ಈ ಲೆಕ್ಕದಲ್ಲಿ ಎಲ್ಲವೂ ಮಣ್ಣಿನ ಕೈಯಲ್ಲಿದೆ. ಕೊಪ್ಪಳ ಜಿಲ್ಲೆಯಲ್ಲಿ ಮಣ್ಣು ಒಂದೇ ತೆರನಲ್ಲ. ಕುಕನೂರು, ಯಲಬುರ್ಗಾ ಕಡೆಯ ಎರಿ ಹೊಲ ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬರುತ್ತದೆ. ಒದ್ದೆ ಎರಿ ಮಣ್ಣಿನ ರೋಧಕತೆ ಹತ್ತರ ಆಸುಪಾಸು; ಅದೇ ಪೈಪು ಅಲ್ಲಿ ಬರೀ 3.5 ಓಂ ತೋರಿಸುತ್ತದೆ. ಆದರೆ ಎರಿ ಮಣ್ಣಿಗೆ ಇನ್ನೊಂದು ಗುಣವಿದೆ. ಬೇಸಿಗೆಯಲ್ಲಿ ಅದು ಒಣಗಿ, ಕುಗ್ಗಿ, ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಪೈಪನ್ನು ಬಿಗಿಯಾಗಿ ಅಪ್ಪಿದ್ದ ಮಣ್ಣು ಸರಿದು ನಡುವೆ ಗಾಳಿ ಹೊಕ್ಕಿತೆಂದರೆ ಆಷಾಢದಲ್ಲಿ ಅಳೆದ ಅಂಕಿಗೂ ಯುಗಾದಿಯಲ್ಲಿ ಅಳೆದ ಅಂಕಿಗೂ ತಾಳೆಯಾಗದು. ಮಸಾರಿ, ಗರಸು ನೆಲ ಬಂದರೆ ರೋಧಕತೆ ನೂರಾರಕ್ಕೆ ಏರುತ್ತದೆ. ಕೊಪ್ಪಳ ಕೋಟೆಯ ಸುತ್ತ, ಆನೆಗೊಂದಿಯ ಗುಡ್ಡಗಳ ಬುಡದಲ್ಲಿ ಎರಡು ಅಡಿ ಅಗೆಯುವಷ್ಟರಲ್ಲಿ ಹಾರೆ ಬಂಡೆಗೆ ಬಡಿಯುತ್ತದೆ. ಕಣಶಿಲೆಯ ಪಾಲಿಗೆ ಸಾವಿರವೂ ಕಡಿಮೆಯೇ. ರೋಧಕತೆ 1000 ಎಂದರೂ ನಮ್ಮ ಪೈಪಿನ ತಡೆ 350 ಓಂ. ಇನ್ನು ತುಂಗಭದ್ರೆಯ ಕಾಲುವೆ ನೀರುಂಡ ಗಂಗಾವತಿಯ ಭತ್ತದ ಗದ್ದೆಗಳ ನಡುವಿನ ಮನೆಗೆ ಇದರ ಚಿಂತೆಯಿಲ್ಲ, ಅಲ್ಲಿ ನೆಲ ಒಣಗುವುದೇ ಕಡಿಮೆ. ಆದರೆ ಅಲ್ಲಿ ನಿಂತ ಕಾಲೂ ಒದ್ದೆಯೇ.

ಗುಂಡಿಗೆ ಉಪ್ಪು ಮತ್ತು ಇದ್ದಲಿಯನ್ನು ಪದರ ಪದರವಾಗಿ ತುಂಬುವುದು ಇದೇ ಕಾರಣಕ್ಕೆ. ಉಪ್ಪು ತೇವದಲ್ಲಿ ಕರಗಿ ಕರೆಂಟಿಗೆ ದಾರಿ ಕೊಡುತ್ತದೆ, ಇದ್ದಲಿ ತೇವ ಹಿಡಿದಿಡುತ್ತದೆ. ಭಾರತೀಯ ಮಾನಕ ಬ್ಯೂರೋದ ಅರ್ಥಿಂಗ್ ಸಂಹಿತೆ, ಐ.ಎಸ್. 3043, ಮೊದಲು ಬಂದದ್ದು 1966ರಲ್ಲಿ. 1987ರಲ್ಲಿ, ಮತ್ತೆ 2018ರಲ್ಲಿ ಪರಿಷ್ಕಾರಗೊಂಡಿದೆ. ಸಂಹಿತೆ ಏನೇ ಹೇಳಲಿ, ಉಪ್ಪು ವರ್ಷಗಳಲ್ಲಿ ಮಳೆನೀರಿಗೆ ತೊಳೆದುಹೋಗುತ್ತದೆ, ಹೋಗುವ ಮೊದಲು ಪೈಪನ್ನೂ ತುಕ್ಕು ಹಿಡಿಸುತ್ತದೆ. ನೆಲದೊಳಗಿನದು ಕಣ್ಣಿಗೆ ಕಾಣದ್ದರಿಂದ ಯಾರೂ ಕೇಳುವುದಿಲ್ಲ. ಬಚ್ಚಲ ನೀರು ಹರಿದುಹೋಗುವ ಕಡೆ ಗುಂಡಿ ತೆಗೆಸುವ ಹಳಬರ ಉಪಾಯ ಮಾತ್ರ ದುಡ್ಡಿಲ್ಲದೆ ಬೇಸಿಗೆ ದಾಟಿಸುತ್ತದೆ.

ಒದ್ದೆ ಎರಿ ಮಣ್ಣಿನ 3.5 ಓಂ ಗುಂಡಿಯೂ ಒಂಟಿಯಾಗಿ ಸಾಲದು. ಟಿ.ಸಿ.ಯ 5 ಓಂ ಸೇರಿ 8.5, ಹರಿಯುವುದು 27 ಆಂಪಿಯರ್. 16ರ ಎಂ.ಸಿ.ಬಿ. ಅಷ್ಟಕ್ಕೆ ಬಿಸಿಯಾಗಿ ಬೀಳಲು ನಿಮಿಷಗಳೇ ಬೇಕಾದೀತು. ಅಷ್ಟು ಹೊತ್ತೂ ಫ್ರಿಜ್ಜಿನ ಮೈಮೇಲೆ 90 ವೋಲ್ಟಿಗೂ ಹೆಚ್ಚು.

ಈ ಕೊರತೆ ತುಂಬಲು ಬಂದದ್ದು ಆರ್.ಸಿ.ಸಿ.ಬಿ. ನೋಡಲು ಎಂ.ಸಿ.ಬಿ.ಯ ಅಣ್ಣನಂತೆ, ಮೇಲೊಂದು 'ಟಿ' ಎಂದು ಬರೆದ ಪುಟ್ಟ ಒತ್ತುಬಟನ್. ಒಳಗೆ ಒಂದು ಲೋಹದ ಬಳೆಯಿದೆ, ಕೆಂಪು ಕಪ್ಪು ಎರಡೂ ಅದರ ಮೂಲಕ ಹಾಯುತ್ತವೆ. ಬೆಳಿಗ್ಗೆ ದಡ್ಡಿಯಿಂದ ಹೊರಟ ಕುರಿ ಸಂಜೆ ಅಷ್ಟೇ ಮರಳಿದವೇ ಎಂದು ಬಾಗಿಲಲ್ಲಿ ನಿಂತು ಎಣಿಸುವ ಕುರಿಗಾರನ ಕೆಲಸ ಅದರದು: ಕೆಂಪಿನಲ್ಲಿ ಹೋದಷ್ಟೂ ಕಪ್ಪಿನಲ್ಲಿ ಮರಳಿದರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿ ಬಳೆ ಸುಮ್ಮನಿರುತ್ತದೆ, 30 ಮಿಲಿಆಂಪಿಯರ್ ಕಡಿಮೆ ಬಂದರೆ ಕಡಿದುಬಿಡುತ್ತದೆ. ಎಷ್ಟು ಕರೆಂಟು ಹರಿಯಿತು ಎಂಬುದು ಅದಕ್ಕೆ ಬೇಡ, ಎಷ್ಟು ದಾರಿ ತಪ್ಪಿತು ಎಂಬುದಷ್ಟೇ ಬೇಕು. 350 ಓಂನ ಆ ಕೆಟ್ಟ ಗುಂಡಿಯಲ್ಲೂ 0.65 ಆಂಪಿಯರ್ ಸೋರುತ್ತದೆ, 30 ಮಿಲಿಆಂಪಿಯರಿನ ಇಪ್ಪತ್ತು ಪಟ್ಟು. ಸೆಕೆಂಡಿನ 25ರಲ್ಲಿ ಒಂದು ಭಾಗದೊಳಗೆ ಸಪ್ಲೈ ಕಡಿದಿರುತ್ತದೆ.

ಹಸಿರು ತಂತಿಯ ನಿಜವಾದ ಕೆಲಸ ತಿಳಿಯುವುದು ಇಲ್ಲಿ. ಅದಿಲ್ಲದೆ ಬರೀ ಆರ್.ಸಿ.ಸಿ.ಬಿ. ಇದ್ದರೂ ಕಡಿಯುತ್ತದೆ ನಿಜ, ಆದರೆ ಯಾವಾಗ? ಮನುಷ್ಯನೊಬ್ಬ ಫ್ರಿಜ್ ಮುಟ್ಟಿ, ಅವನ ಮೈಯಿಂದ ಸೋರಿಕೆ ಶುರುವಾದ ಮೇಲೆ. ಹಸಿರು ತಂತಿ ಇದ್ದರೆ ಸಿಪ್ಪೆ ಹರಿದ ಕ್ಷಣವೇ, ಅಡುಗೆಮನೆಯಲ್ಲಿ ಯಾರೂ ಇಲ್ಲದಾಗಲೇ, ಸೋರಿಕೆ ನೆಲಕ್ಕೆ ಇಳಿದು ಸಪ್ಲೈ ಕಡಿಯುತ್ತದೆ. ಸೋರಿಕೆಯ ಸುದ್ದಿಯನ್ನು ಮನುಷ್ಯನ ಬದಲು ತಂತಿ ಮುಟ್ಟಿಸುತ್ತದೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಸೋರಿಕೆ ತಡೆಯುವ ಇಂಥ ಸಾಧನವನ್ನು ಕಡ್ಡಾಯ ಮಾಡಿದವು, ಕಡಿಮೆ ಲೋಡಿನ ಸಣ್ಣ ಸಂಪರ್ಕಗಳನ್ನು ಬಿಟ್ಟು. ಬಿಟ್ಟದ್ದು ಯಾರನ್ನು ಎಂದು ನೋಡಿದರೆ, ಮಣ್ಣಿನ ಗೋಡೆ, ತಗಡಿನ ಶೆಡ್ಡು, ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಇರುವ ಮನೆಗಳನ್ನೇ. ಖರ್ಚಿನ ದೃಷ್ಟಿಯಿಂದ ಕೊಟ್ಟ ವಿನಾಯಿತಿ ಇದ್ದೀತು. ಅಪಾಯದ ದೃಷ್ಟಿಯಿಂದ ತಲೆಕೆಳಗಾದದ್ದು.

ಇನ್ನು ಕಪ್ಪಿಗೂ ಹಸಿರಿಗೂ ಗಂಟು ಹಾಕುವ ಅಭ್ಯಾಸ. ಸಾಕೆಟ್ಟೊಂದನ್ನು ಬಿಚ್ಚಿ ಹಿಂದೆ ನೋಡಿ. ಮೂರು ಹಿತ್ತಾಳೆ ತುದಿಗಳಿವೆ. ದಪ್ಪ ತೂತಿನದು ಅರ್ಥ್, ಮುಂದಿನಿಂದ ನೋಡುವಾಗ ಬಲಕ್ಕೆ ಫೇಸ್, ಎಡಕ್ಕೆ ಕಪ್ಪು ತಂತಿಯ ನ್ಯೂಟ್ರಲ್. ಕೆಲವು ಬೋರ್ಡುಗಳಲ್ಲಿ ಅರ್ಥ್ ತುದಿಯಿಂದ ಬೆರಳುದ್ದದ ಒಂದು ತುಂಡು ವೈರು ಬಾಗಿ ನ್ಯೂಟ್ರಲ್ಲಿನ ಸ್ಕ್ರೂಗೆ ಸೇರಿರುತ್ತದೆ. ಗುಂಡಿ ಇಲ್ಲದ ಮನೆಗೆ ಕಂಡುಕೊಂಡ ಉಪಾಯ. "ಕರಿ ವೈರೂ ಟಿ.ಸಿ. ಹತ್ರ ನೆಲಕ್ಕ ಹೋಗಿರತೈತಲ್ರೀ, ಎರಡೂ ಒಂದ" ಎಂಬ ಸಮಜಾಯಿಷಿ. ಟಿ.ಸಿ.ಯ ಹತ್ತಿರ ನಿಂತು ನೋಡಿದರೆ ಮಾತು ನಿಜ. ಮನೆಯೊಳಗೆ ನಿಂತರೆ ಅಲ್ಲ, ಯಾಕೆಂದರೆ ಎರಡರ ನಡುವೆ ಕಂಬಗಳಿವೆ, ಸರ್ವಿಸ್ ವೈರಿದೆ, ಗಾಳಿಯಿದೆ.

ಮೇ ತಿಂಗಳ ಅಡ್ಡಮಳೆಯ ಒಂದು ರಾತ್ರಿ ಕಂಬದ ಮೇಲೆ ನ್ಯೂಟ್ರಲ್ ಕಳಚಿತೆನ್ನಿ. ಮನೆಯ ದೀಪವೆಲ್ಲ ಆರುತ್ತದೆ. ಕರೆಂಟ್ ಹೋಯಿತು ಎನ್ನುತ್ತಾರೆ. ಹೋಗಿಲ್ಲ, ಕೆಂಪು ತಂತಿ ಇನ್ನೂ ಜೀವಂತ. ಹಾಕಿದ್ದ ಹಾಗೇ ಇರುವ ಫ್ಯಾನು, ಬಲ್ಬುಗಳ ಮೂಲಕ ಅದು ಕಪ್ಪು ತಂತಿಗೆ ಬಂದು ನಿಂತಿದೆ, ಮುಂದೆ ಹೋಗಲು ದಾರಿಯಿಲ್ಲ. ಈಗ ಮನೆಯ ಕಪ್ಪು ತಂತಿಯೆಲ್ಲ 230 ವೋಲ್ಟಿನಲ್ಲಿದೆ. ಆ ಬೆರಳುದ್ದದ ತುಂಡಿನ ಮೂಲಕ ಫ್ರಿಜ್ಜಿನ ಬಾಗಿಲೂ. ಕತ್ತಲಲ್ಲಿ, ಕರೆಂಟಿಲ್ಲವೆಂಬ ಧೈರ್ಯದಲ್ಲಿ ಕೈ ಅಲ್ಲಿಗೆ ಹೋಗುತ್ತದೆ.

ಇನ್ನೊಂದು ಬಗೆಯೂ ಉಂಟು. ಕಂಬದ ಮೇಲೆ ರಿಪೇರಿ ಮಾಡುವಾಗ ಫೇಸ್ ನ್ಯೂಟ್ರಲ್ ಅದಲುಬದಲಾದರೆ ಲೈಟು ಫ್ಯಾನಿಗೆ ಯಾವ ವ್ಯತ್ಯಾಸವೂ ತಿಳಿಯದು. ಗಂಟು ಹಾಕಿದ ಮನೆಯಲ್ಲಿ ಮಾತ್ರ ಮೂರು ಪಿನ್ನಿನ ಸಾಮಾನೆಲ್ಲ ಒಮ್ಮೆಗೇ ಜೀವ ತಳೆಯುತ್ತವೆ. ಗಂಟಿನ ಮೂರನೇ ಕೇಡು ಸದ್ದಿಲ್ಲದ್ದು: ಗುಂಡಿಯೂ ಇದ್ದು ಗಂಟೂ ಇದ್ದರೆ ಕಪ್ಪಿನಲ್ಲಿ ಮರಳಬೇಕಾದ ಕರೆಂಟಿನ ಒಂದು ಪಾಲು ಹಸಿರಿನಲ್ಲಿ ಹೋಗುತ್ತದೆ, ಆರ್.ಸಿ.ಸಿ.ಬಿ.ಯ ಲೆಕ್ಕ ತಪ್ಪಿ ಪದೇ ಪದೇ ಬೀಳುತ್ತದೆ. ಬೀಳುತ್ತದೆಂದು ಬೇಸತ್ತು ಅದನ್ನೇ ಕಿತ್ತು ನೇರ ಕೊಟ್ಟ ಮನೆಗಳೂ ಇವೆ. ಸರಿ ಹೇಳುತ್ತಿದ್ದ ಯಂತ್ರಕ್ಕೇ ಶಿಕ್ಷೆ.

ಬಣ್ಣಕ್ಕೆ ಬರೋಣ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎಂಬುದು ನಮಗೆ ಎಷ್ಟು ಸಹಜವೆಂದರೆ ಬೇರೆ ಇದ್ದೀತು ಎಂದೇ ಅನ್ನಿಸುವುದಿಲ್ಲ. ಇದೂ ಬ್ರಿಟನ್ನಿನಿಂದ ಬಂದ ಪದ್ಧತಿ. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಅರ್ಥ್ ತಂತಿಯ ಬಣ್ಣ ಕೆಂಪು! ಅಪಾಯವೆಂದರೆ ಕೆಂಪು ಎಂದು ಒಬ್ಬರು, ರಕ್ಷಣೆಯ ತಂತಿ ಎದ್ದು ಕಾಣಲಿ, ಕೆಂಪಿರಲಿ ಎಂದು ಇನ್ನೊಬ್ಬರು. ಎರಡೂ ತರ್ಕ ಒಪ್ಪುವಂಥವೇ. ಎರಡು ದೇಶಗಳು ತಂತಮ್ಮ ಪಾಡಿಗೆ ಇದ್ದಷ್ಟು ದಿನ ತೊಂದರೆ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದು ವ್ಯಾಪಾರ ಬೆಳೆದು ಜರ್ಮನಿಯ ಸಾಮಾನು ಬ್ರಿಟನ್ನಿನ ಮನೆಗೆ ಬಂದಾಗ ಪ್ಲಗ್ಗು ಜೋಡಿಸುವವನು ಕೆಂಪನ್ನು ಫೇಸಿಗೆ ಕೊಟ್ಟರೆ ಯಂತ್ರದ ಮೈಗೇ ನೇರ ಕರೆಂಟು ಕೊಟ್ಟಂತೆ. ಜರ್ಮನಿ 1965ರಲ್ಲಿ ಕೆಂಪು ಬಿಟ್ಟಿತು. ಬ್ರಿಟನ್ 1970ರಲ್ಲಿ ಸಾಮಾನಿನ ವೈರಿಗೆ ಕಂದು, ನೀಲಿ, ಹಸಿರು-ಹಳದಿ ಎಂಬ ಹೊಸ ಪದ್ಧತಿ ಒಪ್ಪಿಕೊಂಡಿತು.

ಬರೀ ಹಸಿರು ಸಾಲದೆ ಹಳದಿಯ ಪಟ್ಟೆ ಯಾಕೆ? ಗಂಡಸರಲ್ಲಿ ನೂರಕ್ಕೆ ಕೆಲವರಿಗೆ ಕೆಂಪು ಹಸಿರಿನ ವ್ಯತ್ಯಾಸ ತಿಳಿಯದು. ಯುರೋಪಿನ ಮೂಲದವರಲ್ಲಿ ಅದು ನೂರಕ್ಕೆ ಎಂಟರಷ್ಟು. ಇದರ ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಹೆಂಗಸರಲ್ಲಿ ಬಹಳ ಅಪರೂಪ. ರೈಲ್ವೆಯವರಿಗೆ ಇದು ಹಳೆಯ ಸಂಗತಿ. ತಳಕಲ್ ನಿಲ್ದಾಣದಲ್ಲಿ ಹೊಸಪೇಟೆ–ಗದಗ ಮಾರ್ಗದಿಂದ ವಾಡಿಯ ಕಡೆಯ ಹೊಸ ಹಳಿ ಕವಲೊಡೆಯುತ್ತದೆ. ಅಲ್ಲಿ ಸಿಗ್ನಲ್ ನೋಡಿ ಗಾಡಿ ಓಡಿಸುವವರು ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪರೀಕ್ಷೆ ದಾಟಿಯೇ ಬಂದವರು. ಜಪಾನಿನ ವೈದ್ಯ ಇಶಿಹಾರಾ ಅದನ್ನು ಪ್ರಕಟಿಸಿದ್ದು 1917ರಲ್ಲಿ. ಮನೆಯ ಅಟ್ಟದ ಮೇಲೆ ಮೊಬೈಲಿನ ಬೆಳಕಿನಲ್ಲಿ, ಧೂಳು ಕೂತ ವೈರಿನ ಕೆಂಪು ಹಸಿರು ಬೇರ್ಪಡಿಸುವವನ ಕಣ್ಣನ್ನು ಯಾರು ಪರೀಕ್ಷಿಸುತ್ತಾರೆ? ಪಟ್ಟೆಯಾದರೆ ಬಣ್ಣ ಕಾಣದಿದ್ದರೂ ಗೆರೆ ಕಾಣುತ್ತದೆ. ಅಂತರರಾಷ್ಟ್ರೀಯ ನಿಯಮ ಇಲ್ಲಿ ಬಹಳ ಅಚ್ಚುಕಟ್ಟು: ತಂತಿಯ ಯಾವುದೇ 15 ಮಿ.ಮೀ. ತುಂಡು ತೆಗೆದುಕೊಂಡರೂ ಎರಡರಲ್ಲಿ ಒಂದು ಬಣ್ಣ ನೂರಕ್ಕೆ 30ರಿಂದ 70 ಭಾಗ ಮುಚ್ಚಿರಬೇಕು, ಉಳಿದದ್ದು ಇನ್ನೊಂದು. ಎಲ್ಲಿ ಕತ್ತರಿಸಿದರೂ ಎರಡೂ ಕಾಣಲೇಬೇಕು.

ನಮ್ಮಲ್ಲಿ ಈಗ ಹಸಿರೂ ನಡೆಯುತ್ತದೆ, ಹಸಿರು-ಹಳದಿಯೂ ನಡೆಯುತ್ತದೆ. ತೊಂದರೆ ಬೇರೆ ಕಡೆಯಿದೆ. ಗೋಡೆಯೊಳಗೆ ಬ್ರಿಟಿಷರು ಬಿಟ್ಟುಹೋದ ಕೆಂಪು-ಕಪ್ಪು, ಫ್ರಿಜ್ಜಿನ ವೈರಿನೊಳಗೆ ಯುರೋಪಿನ ಕಂದು-ನೀಲಿ. ಯಲಬುರ್ಗಾದ ಬೋರಿನ ರೈತನಿಗೆ ಮೂರು ಫೇಸು ಅಂಗೈ ಗೆರೆಯಷ್ಟು ಪರಿಚಿತ: ಕೆಂಪು, ಹಳದಿ, ನೀಲಿ. ಹೊಲದ ಸ್ಟಾರ್ಟರಿನಲ್ಲಿ ನೀಲಿ ಎಂದರೆ ಜೀವಂತ ಫೇಸ್. ಮನೆಗೆ ಬಂದು ಫ್ರಿಜ್ಜಿನ ಪ್ಲಗ್ಗು ಬಿಚ್ಚಿದರೆ ಅದೇ ನೀಲಿ ನ್ಯೂಟ್ರಲ್. ಹೊಲದಲ್ಲಿ ಹಳದಿ ಫೇಸ್, ಇಲ್ಲಿ ಹಳದಿ ಗೆರೆಯಿದ್ದರೆ ಅರ್ಥ್. ಪಂಪಿನ ರಿಪೇರಿ ಬಲ್ಲವರು ಮನೆಯ ಪ್ಲಗ್ಗನ್ನೂ ತಾವೇ ಹಾಕಿಕೊಳ್ಳುವುದು ಹಳ್ಳಿಯಲ್ಲಿ ಸಾಮಾನ್ಯ. ಗೊಂದಲಕ್ಕೆ ಎಡೆಯಾಗುವುದೂ ಅಲ್ಲೇ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಇನ್ನೊಂದು ಲೋಕ: ಅಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್, ಅರ್ಥ್ ಹಸಿರು ಇಲ್ಲವೇ ನಮ್ಮ ಹಳೆಯ ಪಟ್ಟಿ ವೈರಿಂಗಿನ ಹಾಗೆ ಬೋಳು ತಾಮ್ರ. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಸಾಕೆಟ್ ಬಿಚ್ಚುವುದು, ಇಲ್ಲಿನ ಅಭ್ಯಾಸದಲ್ಲಿ ಅಲ್ಲಿ ಕಪ್ಪು ಮುಟ್ಟುವುದು, ಎರಡೂ ಕೂಡದು. ದೇಶ ದೇಶದಲ್ಲಿ ಉಳಿದ ಬಣ್ಣಗಳೆಲ್ಲ ಜಾಗ ಬದಲಿಸಿದರೂ ಇವತ್ತಿಗೆ ಎಲ್ಲ ಕಡೆ ಒಂದೇ ಕೆಲಸಕ್ಕೆ ಉಳಿದುಕೊಂಡದ್ದು ಹಸಿರು-ಹಳದಿ ಒಂದೇ.

ಆದ್ದರಿಂದಲೇ ಕೆಂಪು ಕಾಯಿಲ್ ಮುಗಿಯಿತೆಂದು ಉಳಿದ ಹಸಿರನ್ನು ಫೇಸಿಗೆ ಎಳೆಯುವುದು ಸಣ್ಣ ತಪ್ಪಲ್ಲ. ಕಪ್ಪಿನ ಬದಲು ನೀಲಿ ಎಳೆದರೆ ಎರಡೂ ತುದಿಗೆ ಕಪ್ಪು ಟೇಪು ಸುತ್ತಿ ಸರಿಪಡಿಸಬಹುದು. ಹಸಿರಿಗೆ ಟೇಪಿನ ಪ್ರಾಯಶ್ಚಿತ್ತವೂ ಇಲ್ಲ. ಹತ್ತು ವರ್ಷದ ನಂತರ ಗೋಡೆಗೆ ಮೊಳೆ ಹೊಡೆಯುವಾಗಲೋ ಹೊಸ ಬೋರ್ಡು ಕೂರಿಸುವಾಗಲೋ ಇನ್ಯಾರೋ ನಡುವೆ ಎಲ್ಲೋ ಅದನ್ನು ಕಾಣುತ್ತಾರೆ, ಟೇಪು ಇರುವ ತುದಿಯಲ್ಲಲ್ಲ.

ಹಸಿರು ತಂತಿ ಎಲ್ಲವನ್ನೂ ತಡೆಯುತ್ತದೆ ಎಂದುಕೊಳ್ಳುವುದು ಬೇಡ. 2019ರ ಆಗಸ್ಟಿನಲ್ಲಿ ಕೊಪ್ಪಳದ ವಿದ್ಯಾರ್ಥಿನಿಲಯವೊಂದರಲ್ಲಿ ಧ್ವಜದ ಕಬ್ಬಿಣದ ಕಂಬ ಇಳಿಸುವಾಗ ಹೊರಗಿನ ವಿದ್ಯುತ್ ತಂತಿ ತಗುಲಿ ಐವರು ವಿದ್ಯಾರ್ಥಿಗಳು ಸತ್ತರು. ಕಂಬದ ಮೇಲಿನ ತಂತಿಯ ಮುಂದೆ ಮನೆಯ ಯಾವ ವೈರಿಂಗೂ ಏನೂ ಮಾಡಲಾರದು. ಇನ್ನೊಂದೆಡೆ ಮೊಬೈಲ್ ಚಾರ್ಜರ್, ಕೆಲವು ಮಿಕ್ಸರುಗಳಿಗೆ ಹಸಿರು ತಂತಿ ಬೇಕಿಲ್ಲ. ಚೌಕದೊಳಗೊಂದು ಚೌಕದ ಗುರುತಿದ್ದರೆ ಒಳಗೆ ಎರಡು ಪದರ ರಕ್ಷಣೆಯಿದೆ ಎಂದರ್ಥ. ಕಂಪ್ಯೂಟರಿನ ಲೋಹದ ಪೆಟ್ಟಿಗೆ ಮುಟ್ಟಿದರೆ ಸಣ್ಣಗೆ ಜುಮ್ ಎನ್ನುವುದು ಬಹುತೇಕ ಹಸಿರು ತಂತಿ ಎಲ್ಲೋ ಕಡಿದಿದೆ ಎಂಬುದರ ಸುಳಿವು: ಒಳಗಿನ ಕೆಪಾಸಿಟರುಗಳಿಂದ ಬರುವ ಒಂದು ಮಿಲಿಆಂಪಿಯರಿಗೂ ಕಡಿಮೆ ಸೋರಿಕೆ ಇಳಿದುಹೋಗಲು ನೆಲ ಸಿಗದೆ ನಿಮ್ಮ ಬೆರಳು ಹುಡುಕುತ್ತದೆ. ಕೊಲ್ಲುವಷ್ಟಿಲ್ಲ, ಆದರೆ ಅಲಕ್ಷಿಸುವಂಥದ್ದೂ ಅಲ್ಲ.

ಇರುವ ಹಸಿರು ನಿಜವೋ ಅಲ್ಲವೋ ಎಂದು ನೋಡುವುದು ಹೇಗೆ? ಜೇಬಿನ ಟೆಸ್ಟರ್ ಸಾಲದು. ಅದು ಫೇಸ್ ತೋರಿಸುತ್ತದೆ. ನ್ಯೂಟ್ರಲ್, ಅರ್ಥ್, ಎಲ್ಲಿಗೂ ಸೇರದ ತಂತಿ, ಮೂರಕ್ಕೂ ಒಂದೇ ಕತ್ತಲೆ. ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಬಲ್ಬು ಹಿಡಿದು ನೋಡುವುದು ಹಳೆಯ ವೈರ್‌ಮನ್‌ಗಳ ಪದ್ಧತಿ. ಉರಿಯುವ ಬಲ್ಬಿನ ತಡೆಯೇ 500 ಓಂ ದಾಟುವುದರಿಂದ 35 ಓಂನ ಗುಂಡಿಯೂ 3.5ರದೂ ಕಣ್ಣಿಗೆ ಒಂದೇ ಪ್ರಕಾಶ. ಅದಕ್ಕಿಂತ ಕೆಟ್ಟದ್ದು, ಹಸಿರು ಗುಂಡಿಗೆ ತಲುಪದೆ ನಡುವೆ ಕಡಿದಿದ್ದರೆ ಬಲ್ಬು ಹಿಡಿದ ಹೊತ್ತಿನಲ್ಲಿ ಆ ತಂತಿಗೆ ಸೇರಿದ ಎಲ್ಲ ಸಾಮಾನಿನ ಮೈಗೂ ಕರೆಂಟು ಬರುತ್ತದೆ. ಮನೆಯವರು ಮಾಡಿ ನೋಡುವ ಪರೀಕ್ಷೆ ಅಲ್ಲವೇ ಅಲ್ಲ.

ಮೇನ್ ಸ್ವಿಚ್ ಆಫ್ ಮಾಡಿ, ಗುಂಡಿಯ ಪೈಪಿನ ಕ್ಲ್ಯಾಂಪಿನಿಂದ ಒಂದು ಉದ್ದ ವೈರು ತಂದು, ಪ್ರತಿ ಸಾಕೆಟ್ಟಿನ ದಪ್ಪ ತೂತಿಗೂ ಮಲ್ಟಿಮೀಟರ್ ಹಚ್ಚಿ ನೋಡುವುದು ಸರಿಯಾದ ಕ್ರಮ. ಅಂಕಿ ಒಂದು ಓಂಗಿಂತ ಕೆಳಗಿದ್ದರೆ ಹಸಿರು ಹೇಳಿದ್ದು ನಿಜ. ಗುಂಡಿಯದೇ ತಡೆ ಅಳೆಯಲು ಅರ್ಥ್ ಟೆಸ್ಟರ್ ಬೇಕು, ನೆಲಕ್ಕೆ ಎರಡು ಗೂಟ ನೆಟ್ಟು ಅಳೆಯುವಂಥದ್ದು, ಲೈಸೆನ್ಸ್ ಇರುವ ಕಂಟ್ರಾಕ್ಟರರ ಹತ್ತಿರ ಇರುತ್ತದೆ. ಅಳೆಸುವುದಾದರೆ ಬೇಸಿಗೆಯಲ್ಲಿ ಅಳೆಸಬೇಕು. ಮಳೆಗಾಲದಲ್ಲಿ ಎಲ್ಲ ಗುಂಡಿಯೂ ಪಾಸು.

ಇದಕ್ಕೂ ಮೊದಲೇ ಮಾಡಬಹುದಾದ ಸುಲಭದ ತಪಾಸಣೆ ಒಂದಿದೆ, ಅದಕ್ಕೆ ಮೀಟರೂ ಬೇಡ. ವೈರು 90 ಮೀಟರಿನ ಕಾಯಿಲ್ ಲೆಕ್ಕದಲ್ಲಿ ಬರುತ್ತದೆ. ಪ್ರತಿ ಸಾಕೆಟ್ಟಿಗೂ ಒಂದು ಹಸಿರು ಹೋಗಬೇಕಾದರೆ ಕೆಂಪು ಕಪ್ಪಿನ ಜೊತೆ ಎಷ್ಟು ಹಸಿರು ಬೇಕೆಂದು ಅಂದಾಜು ಸಿಗುತ್ತದೆ. ಅಂಗಡಿಯ ಬಿಲ್ಲಿನಲ್ಲಿ ಕೆಂಪು ಐದು, ಕಪ್ಪು ಐದು ಇದ್ದು ಹಸಿರು ಒಂದೂ ಇಲ್ಲದಿದ್ದರೆ ಬೋರ್ಡು ಬಿಚ್ಚಿ ನೋಡುವ ಅಗತ್ಯವಿಲ್ಲ. ಕೇಳಬೇಕಾದದ್ದನ್ನು ಅಂದೇ ಕೇಳಿ, ಇನ್ನೊಂದು ಕಾಯಿಲ್ ತರಿಸಿ ಎಳೆಸಬೇಕು. ಪ್ಲಾಸ್ಟರ್ ಒಣಗಿ ಬಣ್ಣ ಬಳಿದ ಮೇಲೆ, ಎಂಟು ಹತ್ತು ವೈರು ತುಂಬಿದ ಮುಕ್ಕಾಲು ಇಂಚಿನ ಪೈಪಿನಲ್ಲಿ ಮತ್ತೊಂದನ್ನು ತೂರಿಸುವುದು ಯಾವ ವೈರ್‌ಮನ್ನಿಗೂ ಸುಲಭವಲ್ಲ.